ಇಕ್ಕೇರಿಯ ದಾರಿಯಲ್ಲಿ ಒಂದು ಹೊಸ ರುಚಿ

ಪರದೇಶಿಯೊಬ್ಬನ ನಾಲಗೆಯೂ ಇತಿಹಾಸದ ಆಕರವಾಗಬಲ್ಲುದು. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ, ಹೊನ್ನಾವರದಿಂದ ಘಟ್ಟವೇರಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ಆ ವರ್ಷದ ಅವನ ಬರಹದಲ್ಲಿ ‘ಕರಿಲ್’ ಎಂಬ ಮೇಲೋಗರದ ವರ್ಣನೆಯಿದೆ: ಬೆಣ್ಣೆ, ತೆಂಗಿನಕಾಯಿಯ ತಿರುಳು, ಏಲಕ್ಕಿ, ಶುಂಠಿ ಮೊದಲಾದ ಸಂಬಾರಗಳು, ತರಕಾರಿ, ಹಣ್ಣು, ಉಪ್ಪುನೀರಿನಲ್ಲಿ ಬೆಂದ ಅನ್ನದ ಮೇಲೆ ಇದನ್ನು ಧಾರಾಳವಾಗಿ ಸುರಿಯುತ್ತಾರೆ. ಬಲು ರುಚಿಕರವೆಂದು ಅವನು ಮೆಚ್ಚಿದ್ದಾನೆ. ತನ್ನ ನಾಡಿನಲ್ಲಾದರೆ ತೆಂಗಿಗೆ ಬದಲು ಬಾದಾಮಿಯ ಹಾಲು ಬಳಸಬಹುದೆಂದೂ ಸೂಚಿಸಿದ್ದಾನೆ. ಅಪರಿಚಿತವನ್ನು ಪರಿಚಿತದ ಮೂಲಕ ಅರಿಯುವ ರೀತಿ ಇದು.

ಇಂದು ಶಿವಮೊಗ್ಗೆಯ ಮನೆಗಳಲ್ಲಿ ಸಾರಿಗೆ ಕೆಂಪೇರಿಸುವ ಮೆಣಸಿನಕಾಯಿಯ ತವರು ಅಮೆರಿಕ ಖಂಡ. ನಮ್ಮ ಕರಾವಳಿಗೆ ಅದು ಬಂದದ್ದು ಪೋರ್ಚುಗೀಸರ ಹಡಗುಗಳಲ್ಲಿ. ಅದನ್ನು ಮೊದಲು ಕಚ್ಚಿ ಕಣ್ಣೀರಿಟ್ಟ ಕನ್ನಡಿಗನ ಪತ್ರವೇನೂ ನಮಗೆ ದೊರೆತಿಲ್ಲ.

ದೆಲ್ಲಾ ವಾಲ್ಲೆ ಬಂದು 300 ವರ್ಷ ತುಂಬಿದ 1923ರಲ್ಲಿ, ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಉರಿಯಿತು. ಕೆಲಸವನ್ನರಸಿ ತಮಿಳರು, ತೆಲುಗರು, ಮಲಯಾಳಿಗಳು ಬಂದು ನೆಲೆಸಿದರು. ಅವರೊಡನೆ ಅವರ ಒಲೆಗಳೂ ಬಂದವು.

ನಮ್ಮದೆನ್ನುವ ಎಷ್ಟೋ ತುತ್ತುಗಳು ಒಂದು ಕಾಲಕ್ಕೆ ಯಾರೋ ಅಳುಕುತ್ತ ಬಾಯಿಗಿಟ್ಟ ಪರರ ತುತ್ತುಗಳೇ. ನೆರೆಮನೆಯ ಒಗ್ಗರಣೆಗೆ ಮೂಗು ಮುರಿಯುವ ಮುನ್ನ ಇದನ್ನು ನೆನೆಯುವುದೊಳ್ಳೆಯದು.