ಊರೀಯನಿಲ್ಲದ ದಾವೀದನ ಕಥೆ

ಕಲಬುರಗಿಯ ಜಗತ್ ಬಳಿ ಪುಸ್ತಕದಂಗಡಿಯೊಂದರಲ್ಲಿ ಮೊನ್ನೆ ಮಕ್ಕಳಿಗಾಗಿ ಬರೆದ ಬೈಬಲಿನ ಕಥೆಗಳ ಪುಸ್ತಕವೊಂದನ್ನು ತಿರುವಿ ಹಾಕಿದೆ. ದಾವೀದನು ಕವಣೆ ಬೀಸಿ ಗೊಲ್ಯಾತನನ್ನು ಕೆಡಹಿದನು; ಮುಂದಿನ ಪುಟದಲ್ಲಿ ಅವನ ತಲೆಯ ಮೇಲೆ ಕಿರೀಟ; ಆಮೇಲೆ ನೆರೆಗೂದಲು. ಬತ್ಷೆಬೆಯ ಸುಳಿವಿಲ್ಲ. ರಾಜನ ಅಪ್ಪಣೆಯಂತೆ ಯುದ್ಧದ ಮುಂಚೂಣಿಯಲ್ಲಿ ಸಾಯಲು ಬಿಡಲ್ಪಟ್ಟ ಆಕೆಯ ಗಂಡ ಊರೀಯನೂ ಇಲ್ಲ.

ಎಳೆಯರಿಗೆ ಶುಚಿಯಾದ ಕಥೆ ಬೇಕೆಂಬುದು ಸದುದ್ದೇಶವೇ. ಆದರೆ ಊರೀಯನ ಜೊತೆಗೆ ಪ್ರವಾದಿ ನಾತಾನನೂ ಪುಸ್ತಕದಿಂದ ಹೊರಬಿದ್ದಿದ್ದಾನಲ್ಲ! ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕಥೆಯನ್ನು ಹೇಳಿ, ಕೇಳಿದ ರಾಜನು ಸಿಟ್ಟಿಗೆದ್ದಾಗ, ‘ಆ ಮನುಷ್ಯ ನೀನೇ’ ಎಂದವನು ಆತ. ಕಥೆಯೆಂಬುದು ಏನು ಮಾಡಬಲ್ಲುದೆಂದು ತೋರಿಸುವ ಪ್ರಸಂಗವನ್ನೇ ಕಥೆಗಾರನು ಕೈಬಿಟ್ಟರೆ ಏನೆನ್ನೋಣ?

ಕನ್ನಡದಲ್ಲಿ ಬೈಬಲಿನ ವಸ್ತುವನ್ನು ಹೊಸದಾಗಿ ಹೇಳಿದವರು ಹಿಂದೆಯೂ ಇದ್ದರು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ಲರನ್ನು ನಾವು 1894ರ ನಿಘಂಟಿನಿಂದಲೇ ಬಲ್ಲೆವು. ಅವರು 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದು, ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹಾಡಿದರೆಂಬುದು ಎಷ್ಟು ಜನರಿಗೆ ಗೊತ್ತು? ಧರ್ಮಪ್ರಚಾರಕ್ಕೆ ಗದ್ಯವೇ ಸಾಕಿತ್ತು. ಆದರೆ ಗಮಕಕ್ಕೆ ಪಳಗಿದ ಕಿವಿಗೆ ಪದ್ಯವೇ ಹತ್ತಿರ. ಪರದೇಶದ ಕಥೆಗೆ ಅವರು ತೊಡಿಸಿದ್ದು ನಮ್ಮ ಉಡುಪನ್ನು.

ಮಂಜೇಶ್ವರದ ಗೋವಿಂದ ಪೈಗಳು (1883–1963) ಬೇರೆ ಬಗೆಯವರು. ಕ್ರೈಸ್ತರಲ್ಲ, ಕವಿಯಾಗಿದ್ದಂತೆಯೇ ತಿಥಿ-ಶಾಸನಗಳ ಬೆನ್ನುಹತ್ತಿದ ಇತಿಹಾಸ ಸಂಶೋಧಕರು. ‘ಗೊಲ್ಗೊಥಾ’ಕ್ಕೆ ಅವರು ಆರಿಸಿಕೊಂಡದ್ದು ಯೇಸುವಿನ ಕಡೆಯ ದಿನವನ್ನು. ಗೋದಲಿಯ ಕೂಸಲ್ಲ, ಐದು ರೊಟ್ಟಿಯ ಪವಾಡವಲ್ಲ, ಶಿಲುಬೆಯ ದಿನ. ಬುದ್ಧನನ್ನು ಕುರಿತ ‘ವೈಶಾಖಿ’ಯಲ್ಲೂ ಅವರ ದೃಷ್ಟಿ ಅಂತ್ಯಕಾಲದ ಮೇಲೆಯೇ. ಕೈ ತೊಳೆದುಕೊಂಡ ಪಿಲಾತ, ಕೋಳಿ ಕೂಗುವ ಮುನ್ನ ಮೂರು ಸಲ ‘ನಾನರಿಯೆ’ ಎಂದ ಪೇತ್ರ ಇವರಿಲ್ಲದೆ ಆ ದಿನವನ್ನು ಚರಿತ್ರೆಯಾಗಿ ಯಾರೂ ಊಹಿಸಲಾರರು. ಅಧಿಕಾರಿಯ ಅಂಜುಬುರುಕುತನ, ಗೆಳೆಯನ ಜಾರುವಿಕೆ: ಇವುಗಳಿಂದಲೇ ಅದು ಪುರಾಣವಾಗದೆ ನಮ್ಮ ನಿಮ್ಮ ನಡುವೆ ನಡೆದದ್ದೆನಿಸುತ್ತದೆ. ನಮ್ಮ ಭಾರತದ ದ್ಯೂತಪರ್ವವೂ ಹಾಗೆಯೇ. ಭೀಷ್ಮನ ಮೌನವನ್ನು ಅಳಿಸಿ ಅದನ್ನು ಮಕ್ಕಳಿಗೆ ಹೇಳಿದವರು ಬಹುಮಂದಿ. ನಾನೂ ಒಮ್ಮೆ ಹೇಳಿದ್ದೇನೆ, ಸುಳ್ಳೇಕೆ!

ಪುಸ್ತಕ ಕೊಳ್ಳದೆ ಮನೆಗೆ ಬಂದು, ಎಂಟು ವರ್ಷದ ಸೋದರಳಿಯನಿಗೆ ಆ ಕುರಿಮರಿಯ ಕಥೆ ಹೇಳಿದೆ. ರಾಜನ ತಪ್ಪನ್ನೂ ಅವನಿಗೆ ತಿಳಿಯುವಷ್ಟು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಮಾಮಾ, ರಾಜಾಗ ಹಂಗ ಅಂದ್ರ, ಅಂವ ಸುಮ್ನ ಬಿಟ್ನೇನು?”