ಮಿಸ್ಸಿಯಮ್ಮ

1955ರ ಜನವರಿಯಲ್ಲಿ ತೆರೆಕಂಡ ತಮಿಳು ಹಾಸ್ಯಚಿತ್ರ. ನಿರ್ದೇಶನ ಎಲ್.ವಿ. ಪ್ರಸಾದ್, ನಿರ್ಮಾಣ ವಿಜಯಾ ಸಂಸ್ಥೆಯ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಇದರ ಜೊತೆಯಲ್ಲೇ ಚಿತ್ರೀಕರಣಗೊಂಡ ತೆಲುಗು ರೂಪ 'ಮಿಸ್ಸಮ್ಮ'.

ಹಳ್ಳಿಯೊಂದರ ಜಮೀನ್ದಾರನ ಶಾಲೆಗೆ ಪದವೀಧರ ದಂಪತಿಯೇ ಉಪಾಧ್ಯಾಯರಾಗಿ ಬೇಕು. ಕೆಲಸವಿಲ್ಲದ ಹಿಂದೂ ಯುವಕ ಬಾಲು, ಸಾಲದಲ್ಲಿ ಸಿಲುಕಿದ ಕ್ರೈಸ್ತ ಯುವತಿ ಮೇರಿ ಗಂಡಹೆಂಡಿರೆಂದು ಹೇಳಿಕೊಂಡು ಆ ಕೆಲಸ ಹಿಡಿಯುತ್ತಾರೆ. ತಾಳಿಯಿಲ್ಲ, ಶಾಸ್ತ್ರವಿಲ್ಲ, ಹೊಟ್ಟೆಪಾಡಿನ ಒಪ್ಪಂದವಷ್ಟೆ. ಆದರೆ ಜಮೀನ್ದಾರ ದಂಪತಿ ಇವರನ್ನು ಮಕ್ಕಳಂತೆ ಹಚ್ಚಿಕೊಂಡು ಪೂಜೆ, ಅರಿಶಿನ ಕುಂಕುಮಕ್ಕೆ ಕರೆದಾಗ ಮೇರಿಗೆ ಉಸಿರುಕಟ್ಟುತ್ತದೆ. ಚಿತ್ರದ ನಿಜವಾದ ಸೊಗಸಿರುವುದು ಇಲ್ಲಿಯೇ. ಕೊನೆಗೆ ಮೇರಿಯೇ ಜಮೀನ್ದಾರನ ಕಳೆದುಹೋದ ಮಗಳೆಂದು ತಿಳಿಯುತ್ತದೆ. ಅಂತರಧರ್ಮೀಯ ವಿವಾಹದ ಪ್ರಶ್ನೆಯನ್ನು ಇದು ಸುಲಭವಾಗಿ ದಾಟಿಸಿಬಿಡುತ್ತದೆ; ಕಥೆಯ ದೊಡ್ಡ ಕೊರತೆಯೂ ಅದೇ.

ಬಾಲು ಜೆಮಿನಿ ಗಣೇಶನ್, ಜಮೀನ್ದಾರ ಎಸ್.ವಿ. ರಂಗರಾವ್; ಕಥೆಯಲ್ಲಿ ಬರುವ ಪತ್ತೇದಾರನೊಬ್ಬನ ಪಾತ್ರದಲ್ಲಿ ಕೆ.ಎ. ತಂಗವೇಲು. ಮೇರಿಯ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು ಪಿ. ಭಾನುಮತಿ. ಚಕ್ರಪಾಣಿಯವರೊಂದಿಗೆ ಮನಸ್ತಾಪವಾಗಿ ಅವರು ಹೊರನಡೆದ ಮೇಲೆ ಪಾತ್ರ ಸಾವಿತ್ರಿಯವರಿಗೆ ಬಂತು. ಮುನಿಸನ್ನೂ ಮಮತೆಯನ್ನೂ ಒಂದೇ ನೋಟದಲ್ಲಿ ತೋರಿಸಿದ ಅವರ ಅಭಿನಯ ಇಂದಿಗೂ ಹಳತಾಗಿಲ್ಲ. ಎಸ್. ರಾಜೇಶ್ವರರಾವ್ ಸಂಗೀತ, ಮಾರ್ಕಸ್ ಬಾರ್ಟ್ಲಿ ಛಾಯಾಗ್ರಹಣ ಚಿತ್ರಕ್ಕಿವೆ.

ಕಥೆಯ ಮೂಲ ರವೀಂದ್ರನಾಥ ಮೈತ್ರರ ಬಂಗಾಳಿ ನಾಟಕ 'ಮಾನಮಯಿ ಗರ್ಲ್ಸ್ ಸ್ಕೂಲ್'. ಹಿಂದಿಯಲ್ಲಿ ಪ್ರಸಾದರೇ 'ಮಿಸ್ ಮೇರಿ' (1957) ನಿರ್ದೇಶಿಸಿದರು, ನಾಯಕಿ ಮೀನಾಕುಮಾರಿ. ವಿಜಯಾ ಸಂಸ್ಥೆಯ ಮತ್ತೊಂದು ಮದುವೆಯ ಕಥೆ, 1952ರ 'ಪೆಳ್ಳಿ ಚೇಸಿ ಚೂಡು', ರಾಜ್‌ಕುಮಾರ್ ಅಭಿನಯದ 'ಮದುವೆ ಮಾಡಿ ನೋಡು' (1965) ಆಗಿ ಕನ್ನಡಕ್ಕೆ ಬಂದಿದೆ.