ನೀಹಾರಿಕೆಗಳು: ವರ್ಗೀಕರಣ ಮತ್ತು ದೂರನಿರ್ಣಯದ ಇತಿಹಾಸ

ಬಿಸಿ ನಕ್ಷತ್ರದ ಅತಿನೇರಳೆ ಕಿರಣ ತಾಗಿ ಬೆಳಗುವ ಅನಿಲದ ಮೋಡವನ್ನು ಹೊಳೆಯುವ ನೀಹಾರಿಕೆ ಎನ್ನುತ್ತಾರೆ. ಶಿಕಾರಿಪುರ, ಸೊರಬದ ಹಳ್ಳಿಗಳಂಥ ಕತ್ತಲಿರುವ ಕಡೆ, ಡಿಸೆಂಬರಿನ ಚಂದ್ರನಿಲ್ಲದ ರಾತ್ರಿ, ಎರಡು ಮಸುಕು ಮಚ್ಚೆಗಳು ಬರಿಗಣ್ಣಿಗೇ ಕಾಣುತ್ತವೆ: ಮಹಾವ್ಯಾಧನ ಖಡ್ಗದಲ್ಲೊಂದು, ದೇವಯಾನಿಯಲ್ಲಿ ಇನ್ನೊಂದು. ಮೊದಲನೆಯದು ಸುಮಾರು 1,350 ಜ್ಯೋತಿರ್ವರ್ಷ ದೂರದ ಅನಿಲ. ಎರಡನೆಯದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ಆಚೆಯ ಗೆಲಾಕ್ಸಿ. 18ನೆಯ ಶತಮಾನದಲ್ಲಿ ಚಾರ್ಲ್ಸ್ ಮೆಸ್ಸಿಯೆ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರು. ವಸ್ತುವಿನ ಜಾತಿ ತಿಳಿಯದೆ ದೂರದ ಲೆಕ್ಕ ನಿಲ್ಲದು ಎಂಬುದನ್ನೇ ಈ ಅಧ್ಯಯನದ ಇತಿಹಾಸ ಮತ್ತೆ ಮತ್ತೆ ತೋರಿಸಿದೆ.

ಜಾತಿಯನ್ನು ಹೇಳುವುದು ಆಕಾರವಲ್ಲ, ರೋಹಿತ. 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ಗ್ರಹ ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಕಂಡದ್ದು ಕೆಲವೇ ಉಜ್ವಲ ರೇಖೆಗಳು. ಅದು ಅನಿಲವೆಂಬುದು ಖಚಿತವಾಯಿತು. ಅದರ ಹಸಿರು ರೇಖೆಗಳು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದವು ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿಕೊಟ್ಟರು. ಎಳೆಯ ತಾರೆಗಳ ಸುತ್ತಲಿನ ಮೋಡ, ಮುಪ್ಪಿನ ತಾರೆ ಹೊರಚೆಲ್ಲಿದ ಗ್ರಹ ನೀಹಾರಿಕೆ, ಸ್ಫೋಟದ ಅವಶೇಷ ಎಂಬ ಇಂದಿನ ವಿಂಗಡಣೆಗೆ ರೋಹಿತವೇ ಮುಖ್ಯ ಆಧಾರ. ಈ ವರ್ಗವೂ ಶಾಶ್ವತವಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎಂ. ಪಾರ್ಥಸಾರಥಿ ಮತ್ತು ಸಂಗಡಿಗರು 1990ರ ದಶಕದಲ್ಲಿ ವರದಿ ಮಾಡಿದ ಸ್ಟಿಂಗ್‌ರೇ ನೀಹಾರಿಕೆ 1971ರಲ್ಲಿ ಬಿಸಿಯಾದ ಅತಿದೈತ್ಯ ತಾರೆಯಂತೆ ಕಂಡಿತ್ತು. ಕೆಲವೇ ದಶಕಗಳಲ್ಲಿ ಗ್ರಹ ನೀಹಾರಿಕೆಯಾಯಿತು.

ಗ್ರಹ ನೀಹಾರಿಕೆಗಳೆಲ್ಲದರ ಅಯಾನೀಕೃತ ಅನಿಲದ ದ್ರವ್ಯರಾಶಿ ಹೆಚ್ಚುಕಡಿಮೆ ಒಂದೇ ಎಂದು 1956ರಲ್ಲಿ ಯೋಸಿಫ್ ಶ್ಕ್ಲೊವ್‌ಸ್ಕಿ ಇಟ್ಟುಕೊಂಡು, ಹೊಳಪು ಮತ್ತು ಕೋನೀಯ ಗಾತ್ರದಿಂದ ದೂರ ಕಟ್ಟಿದರು. ನೂರಾರು ನೀಹಾರಿಕೆಗಳ ಸರಾಸರಿಗೆ ಇದು ಸಾಕೆಂಬ ವಾದದಲ್ಲಿ ಹುರುಳಿದೆ. ಆದರೆ ದ್ರವ್ಯರಾಶಿ ಒಂದರಿಂದೊಂದಕ್ಕೆ ಬಹಳ ಬೇರೆಯಾದ್ದರಿಂದ ಒಂಟಿ ನೀಹಾರಿಕೆಯ ದೂರ ದಾರಿ ತಪ್ಪುತ್ತದೆ. ದ್ರವ್ಯರಾಶಿ ಅಳೆಯುವುದೂ ಸುಲಭವಲ್ಲ: 2015ರಲ್ಲಿ ಹಾರಿದ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದಲ್ಲಿ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಎನ್‌ಜಿಸಿ 40 ಎಂಬ ಗ್ರಹ ನೀಹಾರಿಕೆಯ ಸುತ್ತ, ಕಣ್ಣಿಗೆ ಕಾಣುವ ಅಂಚಿನಾಚೆಗೂ ಹಬ್ಬಿದ ಪ್ರಭಾವಲಯ ಕಂಡರು. ಅನಿಲವೆಲ್ಲ ಗೋಚರ ಬೆಳಕಿನಲ್ಲಿ ಸಿಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಗಾಯಾ ಉಪಗ್ರಹ ನಕ್ಷತ್ರಗಳ ಸ್ಥಾನಪಲ್ಲಟವನ್ನೇ ಅಳೆದು ದೂರ ಕೊಟ್ಟಿರುವಾಗ ವರ್ಗೀಕರಣವೇಕೆ ಎಂದು ಕೇಳಬಹುದು. ಗಾಯಾ ಅಳೆದದ್ದು ತಾರೆಯ ದೂರವನ್ನು, ಮೋಡದ್ದನ್ನಲ್ಲ. ಆ ತಾರೆಯೇ ಈ ಮೋಡವನ್ನು ಬೆಳಗಿಸುತ್ತಿದೆ ಎಂದು ಮೊದಲು ರುಜುವಾತಾಗಬೇಕು. ಆ ರುಜುವಾತು ಬರುವುದು ರೋಹಿತದಿಂದ. ಆದ್ದರಿಂದ ನೀಹಾರಿಕೆಯ ದೂರ ಹೇಳುವಾಗ ಅದರ ವರ್ಗವನ್ನೂ ಅಳೆದ ವಿಧಾನವನ್ನೂ ಜೊತೆಗೇ ಹೇಳಬೇಕು.